ಕವರ್ ಬೇಡ ಅನ್ನುವ ಕೆಲಸ

ಮಹಿಳಾ ಸಂಘಗಳಿಗೆ ಹೋಗಿ, ಪ್ಲಾಸ್ಟಿಕ್ ಕಡಿಮೆ ಮಾಡಿ ಎಂದು ಹೇಳುವುದು ನನ್ನ ಕೆಲಸ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ಸುತ್ತುವವಳಿಗೆ ಎಡವಟ್ಟುಗಳಿಗೇನೂ ಬರವಿಲ್ಲ. ಬೆಳಿಗ್ಗೆ ಬಸ್ಸು ಹತ್ತುವಾಗಲೇ ಎರಡು ಭಯ. ಜನ ನನ್ನ ಮಾತು ಕೇಳದಿದ್ದರೆ ಎಂಬ ಭಯ ಒಂದಾದರೆ, ಕೇಳಿಬಿಟ್ಟರೆ ಏನು ಮಾಡುತ್ತಾರೋ ಎಂಬುದು ಅದಕ್ಕಿಂತ ದೊಡ್ಡ ಭಯ.

ಅಡ್ಡ ತಗಡು

ನಾನು ಬಾಡಿಗೆಗಿರುವ ಊರಿನ ಹೆಸರು ಬೇಡ. ನಾಳೆಯೂ ಅಲ್ಲೇ ಇರಬೇಕು. ಊರಿಗೆಲ್ಲ ಬುದ್ಧಿ ಹೇಳುವವಳು ಮನೆಯಲ್ಲಿ ತಪ್ಪಿದರೆ ಯಾರಾದರೂ ನೋಡಿಯಾರು ಎಂಬ ದಿಗಿಲಿಗೆ, ನಾನು ಹಾಲಿನ ಕವರುಗಳನ್ನೂ ತೊಳೆದು ತಂತಿಗೆ ಕ್ಲಿಪ್ ಹಾಕಿ ಒಣಗಿಸುತ್ತೇನೆ. ಎದುರುಮನೆಯಾಕೆ ಒಮ್ಮೆ, "ಏನು ಹಬ್ಬ ಕಣಮ್ಮ ನಿಮ್ಮನೇಲಿ?" ಎಂದು ಕೇಳಿದ್ದೂ ಉಂಟು.

ಒಂದು ಬೆಳಿಗ್ಗೆ ಕಸದ ಆಟೊ ಬಂತು. ಹಸಿ ಕಸದ ಬಕೆಟ್ಟು, ಒಣ ಕಸದ ಬಕೆಟ್ಟು ಬೇರೆ ಬೇರೆಯಾಗಿ ಕೊಟ್ಟೆ. ಆಟೊದವನು ಎರಡನ್ನೂ ಒಂದೇ ಕಡೆ ಸುರಿದ. ನನ್ನ ತೊಳೆದ ಕವರುಗಳ ಮೇಲೆ ಹಳಸಿದ ಸಾರು, ಸಾರಿನ ಮೇಲೆ ಯಾರದೋ ಮನೆಯ ಡೈಪರು. ಹೊರಟಿದ್ದ ಆಟೊ ಹಿಂದೆ, ನೈಟಿಯ ಮೇಲೆ ಟವೆಲ್ ಹೊದ್ದು ಓಡಿದೆ.

"ಅಣ್ಣಾ, ಬೇರೆ ಮಾಡಿ ಕೊಟ್ಟಿದ್ನಲ್ಲ! ಗಲೀಜು ಅಂಟಿದ ಮೇಲೆ ಅದನ್ನ ಯಾರೂ ರೀಸೈಕಲ್‌ಗೆ ತಗೊಳ್ಳಲ್ಲ!"

"ನಾನೇನ್ ಮಾಡ್ಲಕ್ಕಾ? ಗಾಡಿ ಹೊಸದ್ರಲ್ಲಿ ಮಧ್ಯಕ್ಕೆ ಅಡ್ಡ ತಗಡು ಇತ್ತು. ತುಕ್ಕು ಹಿಡಿದು ಬಿದ್ದೋಯ್ತು."

"ತಗಡು ಎಲ್ಲಿ ಈಗ?"

"ಗುಜರಿಗೆ ಹಾಕುದ್ವಿ. ಅದೊಂದು ಮಾತ್ರ ನೀವು ಹೇಳ್ದಂಗೆ ರೀಸೈಕಲ್ ಆಯ್ತು ಬುಡಿ."

ಕೊಡಿಗೇನಹಳ್ಳಿ ಕಡೆಯ ಸನ್ಮಾನ

ಕೊಡಿಗೇನಹಳ್ಳಿ ಹತ್ತಿರದ ಒಂದು ಸಂಘದಲ್ಲಿ ನನ್ನನ್ನು ಕೂರಿಸಿ, ಕಾರ್ಯದರ್ಶಿಯಾಗಿದ್ದಾಕೆ ಕೊರಳಿಗೆ ಹಾರ ಹಾಕಿದರು. ಫಳಫಳ ಹೊಳೆಯುವ ಪ್ಲಾಸ್ಟಿಕ್ ಸುಗಂಧರಾಜ. ಅಷ್ಟರಲ್ಲಿ ಯಾರೋ ಫೋಟೋ ಬೇರೆ ತೆಗೆದರು. ಪ್ಲಾಸ್ಟಿಕ್ ಬೇಡ ಅನ್ನುವವಳ ಕತ್ತಲ್ಲಿ ಪ್ಲಾಸ್ಟಿಕ್ ಹಾರ! ಇದು ವಾಟ್ಸಾಪಿಗೆ ಹೋದರೆ ನನ್ನ ಗತಿಯೇನು?

ಮೆಲ್ಲಗೆ ಕೇಳಿದೆ, "ಇದು ಪ್ಲಾಸ್ಟಿಕ್ ಅಲ್ವಾ?"

"ಹೂಂ ಕಣಮ್ಮ. ನೀವೇ ಅಲ್ವಾ ಹೋದ್ಸಲ ಹೇಳಿದ್ದು, ಮನೇಲಿರೋ ಪ್ಲಾಸ್ಟಿಕ್ ಬಿಸಾಕಬ್ಯಾಡಿ, ಅದನ್ನೇ ತಿರುಗಾ ಮುರುಗಾ ಬಳಸಿ, ಹೊಸದು ತರಬ್ಯಾಡಿ ಅಂತ?"

ಭಾಷಣ ಮುಗಿಸಿ, ಕೊಟ್ಟ ಮರ್ಯಾದೆಯನ್ನು ಬಿಟ್ಟುಹೋದರೆ ಬೇಸರವಾದೀತೆಂದು ಹಾರವನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸಿಗೆ ನಡೆದೆ. ಹಿಂದಿನಿಂದ ಆಕೆ ಸೆರಗು ಸಿಕ್ಕಿಸಿಕೊಂಡು ಓಡಿಬಂದರು.

"ಅಯ್ಯೋ, ಹಾರ ಕೊಟ್ಟೋಗಿ ಕಣಮ್ಮ! ಅಲ್ಲಿ ನಮ್ ಮಾವ್ನೋರ ಫೋಟೋ ಬೋಳಾಗಿ ಕುಂತೈತೆ!"

ಮೂರು ಬಾಣ

ಶಿರಾದಲ್ಲಿ ಬಕೆಟ್ಟು, ಡಬ್ಬಿ ಮಾರುವ ಒಬ್ಬ ಸಾಹೇಬರ ಅಂಗಡಿಗೂ ಅದೇ ಮಾತು ಹೇಳಲು ಹೋಗಬೇಕಾಯಿತು. ಅವರ ಹೊಟ್ಟೆಪಾಡೇ ಪ್ಲಾಸ್ಟಿಕ್ಕು. ಬೈದು ಕಳಿಸುತ್ತಾರೆ ಎಂದು ಅಳುಕುತ್ತಲೇ ಮೆಟ್ಟಿಲು ಹತ್ತಿದೆ. ಅವರು ಚಾ ತರಿಸಿ, ಡಬ್ಬಿಯೊಂದನ್ನು ಬೋರಲು ಮಾಡಿ ತೋರಿಸಿದರು.

"ದೇಖೋ ಬೇಟಿ, ತಳದಲ್ಲಿ ಮೂರು ಬಾಣದ ಗುರುತು ಅದೆ. ಇದು ಹಳೇದಾದ್ರೆ ವಾಪಸ್ ಹೊಸ ಡಬ್ಬಿ ಆಗ್ತದೆ. ನೀವು ಸುಮ್ಮನೆ ಫಿಕರ್ ಮಾಡ್ತೀರಿ."

"ಇಲ್ಲ ಸಾಹೇಬ್ರೇ. ಆ ಗುರುತು, ಒಳಗಿನ ನಂಬರು, ಇದು ಯಾವ ಜಾತಿ ಪ್ಲಾಸ್ಟಿಕ್ ಅಂತ ಹೇಳುತ್ತೆ, ಅಷ್ಟೇ. ಅದನ್ನ ಆರಿಸಬೇಕು, ತೊಳೀಬೇಕು, ಕರಗಿಸೋರು ಹತ್ತಿರದಲ್ಲಿ ಇರಬೇಕು. ಕರಗಿಸಿದ ಮೇಲೂ ಮೊದಲಿನ ಗಟ್ಟಿತನ ಇರಲ್ಲ. ಚಿಪ್ಸ್ ಪ್ಯಾಕೆಟ್ ಥರದ್ದನ್ನಂತೂ ಗುಜರಿಯವರು ಮುಟ್ಟೋದೇ ಇಲ್ಲ."

ಸಾಹೇಬರು ಡಬ್ಬಿಯನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ಕೋಪ ಬಂತೇನೋ ಎಂದು ನಾನು ಚಾ ಲೋಟ ಕೆಳಗಿಟ್ಟು ಬ್ಯಾಗು ಕೈಗೆ ತೆಗೆದುಕೊಂಡೆ.

"ಅಂದ್ರೆ ಇದು ಡಬ್ಬಿಯ ಆಧಾರ್ ಕಾರ್ಡು," ಎಂದರು. "ನಂಬರ್ ಅದೆ, ಗುರುತು ಅದೆ. ನೌಕರಿ ಸಿಕ್ತದೆ ಅಂತ ಗ್ಯಾರಂಟಿ ಇಲ್ಲ!"

ಸಂತೆಯಲ್ಲಿ ರೈಡು

ಕೊರಟಗೆರೆ ಕಡೆಯ ಒಂದು ಸಂತೆಗೆ, ಸಂಘದ ಹೆಂಗಸರು ಬಟ್ಟೆ ಚೀಲ ತರುತ್ತಿದ್ದಾರೋ ಇಲ್ಲವೋ ನೋಡೋಣವೆಂದು ಹೋದೆ. ತೆಳು ಕವರಿನಲ್ಲಿ ಟೊಮೇಟೊ ಹಾಕಿಸಿಕೊಳ್ಳುತ್ತಿದ್ದ ನಮ್ಮ ಸಂಘದವಳೊಬ್ಬಳು ನನ್ನನ್ನು ನೋಡಿ ಬೆಚ್ಚಿಬಿದ್ದು, ಪಕ್ಕದವಳಿಗೆ ಕೂಗಿದಳು, "ಲೇ, ಕವರ್ ಮೇಡಂ ಬಂದ್ರು ಕಣೇ!"

ಆ ಕೂಗು ಅಂಗಡಿಯಿಂದ ಅಂಗಡಿಗೆ ಹೋಗುತ್ತಾ ಹೋಗುತ್ತಾ ದೊಡ್ಡದಾಯಿತು. ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಜೀಪು, ಪೊಲೀಸು, ದಂಡ ಎಲ್ಲ ಸೇರಿತ್ತು. ಕವರುಗಳು ಗೋಣಿಚೀಲದ ಕೆಳಗೆ, ಸೊಪ್ಪಿನ ಒಳಗೆ ಮಾಯವಾದವು. ದಂಡ ಹಾಕುವ ಅಧಿಕಾರ ನನಗೆಲ್ಲಿದೆ? ಯಾರಾದರೂ ಜಗಳಕ್ಕೆ ಬಂದರೆ ಎಂದು ತಲೆ ತಗ್ಗಿಸಿ ಬೇಗ ಬೇಗ ನಡೆದೆ.

ಕೊನೆಯಲ್ಲಿ ಕೂತಿದ್ದ ಮೆಣಸಿನಕಾಯಿಯವನು ನನ್ನನ್ನು ತಡೆದು, ಕವರಿನ ಕಟ್ಟೊಂದನ್ನು ಸರಕ್ಕನೆ ನನ್ನ ಚೀಲದೊಳಗೆ ತುರುಕಿದ.

"ಅಕ್ಕಾ, ವಸಿ ಇಟ್ಕೊಂಡಿರಿ. ಯಾವಳೋ ರೈಡಿಗೆ ಬಂದವ್ಳಂತೆ. ನಿಮ್ ಬಟ್ಟೆ ಬ್ಯಾಗ್ ನೋಡುದ್ರೆ ಯಾರಿಗೂ ಅನುಮಾನ ಬರಾಕಿಲ್ಲ!"

ಗೌರಿಯ ಹೊಟ್ಟೆ

ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಳ್ಳಿ. ನಾನು ಹೋದಾಗ ಸಭೆಯ ಜಾಗದಲ್ಲಿ ಒಬ್ಬರೂ ಇಲ್ಲ. ಊರೆಲ್ಲ ಒಂದು ಕೊಟ್ಟಿಗೆಯ ಮುಂದೆ ಸೇರಿತ್ತು. ಒಳಗೆ ಹೊಟ್ಟೆ ಉಬ್ಬರಿಸಿಕೊಂಡ ಹಸು, ಹೆಸರು ಗೌರಿ. ಕೆಲವು ದಿನಗಳಿಂದ ಮೇವು ಮುಟ್ಟಿರಲಿಲ್ಲವಂತೆ. ಅದರ ಒಡತಿ, ಗಂಡ ಸತ್ತ ಮೇಲೆ ಆ ಹಸುವಿನ ಹಾಲಿನಲ್ಲೇ ಬದುಕು ಸಾಗಿಸುತ್ತಿದ್ದ ಗಟ್ಟಿಗಿತ್ತಿ. ಅವತ್ತು ಮಾತ್ರ ಪಶುವೈದ್ಯರ ಕೈ ಹಿಡಿದು, "ಓ ನಾಯನಾ, ನನ್ ಗೌರಿನ ಉಳಿಸಯ್ಯಾ, ನೀಕು ದಂಡಂ ಪೆಡ್ತಾನು, ಕೈ ಮುಗೀತೀನಿ," ಎಂದು ತೆಲುಗು ಕನ್ನಡ ಬೆರೆಸಿ ಅಳುತ್ತಿದ್ದಳು.

ಡಾಕ್ಟರು ಹಸುವಿನ ಎಡಪಕ್ಕೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ನಿಂತ ಹಾಗೆಯೇ ಕುಯ್ದು, ಹೊಟ್ಟೆಯೊಳಗೆ ಕೈ ಹಾಕಿದರು. ಬರಿ ಕವರು. ಎಳೆದಷ್ಟೂ ಬಂತು. ಒಂದಕ್ಕೊಂದು ಹೆಣೆದುಕೊಂಡು ಹಗ್ಗದಂತಾಗಿತ್ತು. ಗೌರಿ ಒಮ್ಮೆ ಮುಂಗಾಲು ಮಡಚಿದಾಗ ನಾಲ್ಕು ಜನ ಹೆಗಲು ಕೊಟ್ಟು ನಿಲ್ಲಿಸಿದರು. ನಾನು ಕಂಬ ಹಿಡಿದು ಕಣ್ಣು ಮುಚ್ಚಿಕೊಂಡೆ. ಡಾಕ್ಟರು ಹೊಲಿಗೆ ಹಾಕಿ, "ಉಳೀತಾಳೆ ಅನ್ಸುತ್ತೆ," ಎಂದ ಮೇಲೆ ತೆರೆದೆ.

ಒಡತಿ ಅಳು ನಿಲ್ಲಿಸಿ, ಬಕೆಟ್ಟಿನಲ್ಲಿ ಬಿದ್ದಿದ್ದ ಆ ರಾಶಿಯನ್ನು ಬಿಡಿಸತೊಡಗಿದಳು. ಅದರಲ್ಲೊಂದು ಮದುವೆಯ ತಾಂಬೂಲದ ಚೀಲ. ಗಂಡು ಹೆಣ್ಣಿನ ಹೆಸರು ಇನ್ನೂ ಓದುವ ಹಾಗಿತ್ತು. ಆ ಮದುವೆಮನೆಯ ಯಜಮಾನ್ತಿ ಅಲ್ಲೇ ನಿಂತಿದ್ದಳು.

"ಅದು ಬಟ್ಟೆ ಚೀಲ, ಪ್ಲಾಸ್ಟಿಕ್ ಅಲ್ಲ! ಬೇಕಾದ್ರೆ ಮೇಡಂನೇ ಕೇಳಿ!" ಎಂದಳು.

ಎಲ್ಲರೂ ನನ್ನತ್ತ ತಿರುಗಿದರು. "ನೋಡೋಕೆ ಬಟ್ಟೆ ಥರ ಇರುತ್ತೆ. ಬೆಂಕಿ ತಗುಲಿಸಿದ್ರೆ ಕರಗುತ್ತೆ. ಪ್ಲಾಸ್ಟಿಕ್ಕೇ," ಎಂದೆ. ಆಕೆ ನನ್ನನ್ನು ಸುಡುವಂತೆ ನೋಡಿ ಮನೆಗೆ ಹೊರಟುಹೋದಳು.

ಒಡತಿ ಕೇಳಿದಳು, "ಇವನ್ನೆಲ್ಲಾ ಫ್ಯಾಕ್ಟರಿಯೋರು ತಗೊಂತಾರಾ ಮೇಡಂ?"

"ಇಲ್ಲಮ್ಮ. ಈ ಸ್ಥಿತೀಲಿ ಯಾರೂ ತಗೊಳ್ಳಲ್ಲ."

"ಸುಟ್ರೆ?"

"ವಿಷದ ಹೊಗೆ."

"ಹೂತ್ರೆ?"

"ಕರಗಲ್ಲ."

ಒಡತಿ ಎದ್ದಳು. "ಗೌರಿಗೂ ಅರಗಲಿಲ್ಲ, ಭೂಮ್ತಾಯಿಗೂ ಅರಗಲ್ಲ. ಅಂಗಾದ್ರೆ ತಂದೋರೇ ಇಟ್ಕೊಳ್ಳಲಿ," ಎಂದು ಬಕೆಟ್ ಎತ್ತಿಕೊಂಡು ಹೊರಟೇಬಿಟ್ಟಳು. ಹೊಡೆದಾಟ ಆದರೆ ಗತಿಯೇನೆಂದು ನಾನೂ ಹಿಂದೆ ಓಡಿದೆ.

ಮದುವೆಮನೆಯ ಬಾಗಿಲು ತಟ್ಟಿ, ಸಗಣಿರಸ ತೊಟ್ಟಿಕ್ಕುವ ತಾಂಬೂಲದ ಚೀಲವನ್ನು ಎರಡೂ ಕೈಯಲ್ಲಿ ಮರ್ಯಾದೆಯಿಂದ ನೀಡಿದಳು.

"ತಗೋಮ್ಮಾ, ನಿಮ್ದೇ. ಕಳೆದುಹೋಗದಂಗೆ ನನ್ ಗೌರಿ ಹೊಟ್ಟೇಲಿ ಜೋಪಾನ ಮಾಡಿಟ್ಟಿದ್ಲು."

ಆ ಹೆಂಗಸು ಮುಖ ಕೆಂಪಗೆ ಮಾಡಿಕೊಂಡಳು. ಇನ್ನೇನು ಜುಟ್ಟಿಗೆ ಕೈ ಹಾಕುತ್ತಾಳೆ ಎಂದು ನಾನು ಇಬ್ಬರ ನಡುವೆ ನುಗ್ಗಿದೆ. ಆಕೆ ಮೂಗು ಮುಚ್ಚಿಕೊಂಡು, ಎರಡು ಬೆರಳಿನ ತುದಿಯಲ್ಲಿ ಚೀಲ ಹಿಡಿದು ಅಂದಳು:

"ಥೂ, ಇಂಗೇ ತಂದ್ಕೊಡ್ತಾರಾ ಯಾರಾದ್ರೂ? ಒಂದು ಕವರ್‌ಗೆ ಹಾಕ್ಕೊಂಡು ತರಬಾರ್ದಾ?"