ಜಗಲಿಯ ಜರಿಗಿಡವೂ ನನ್ನ ಮೊದಲ ಕಕ್ಷಿಗಾರ್ತಿಯೂ

ಪರೀಕ್ಷೆ ಪಾಸಾದರೆ ವಕೀಲನಾದಂತೆ ಎಂದು ನಂಬಿದ್ದವರಲ್ಲಿ ನಾನೂ ಒಬ್ಬ. ಪಾಸಾದ ಮೇಲೆ ತಿಳಿಯಿತು, ವಕೀಲನಂತೆ ಕಾಣುವುದು ಬೇರೆಯೇ ಒಂದು ವಿದ್ಯೆ. ನನ್ನಲ್ಲಿ ಕರಿ ಕೋಟಿತ್ತು, ಮೀಸೆಯಿತ್ತು, ಬಿಜೈಯ ಬಾಡಿಗೆ ಮನೆಯ ಜಗಲಿಯಲ್ಲಿ ಮೇಜೂ ಇತ್ತು. ಕಕ್ಷಿಗಾರರು ಮಾತ್ರ ಇರಲಿಲ್ಲ. ಮಳೆಗಾಲದ ಆಟಿ ತಿಂಗಳು ಕಳೆಯುವುದರೊಳಗೆ ಒಂದು ಕೇಸಾದರೂ ಸಿಗದಿದ್ದರೆ ತಮ್ಮ ಅಂಗಡಿಯಲ್ಲಿ ಬಂದು ಕೂರಬೇಕೆಂದು ಮಾವ ಹೇಳಿ ಕಳುಹಿಸಿದ್ದರು. ಅವರದು ಒಣಮೀನಿನ ಅಂಗಡಿ. ಕೋಟು ಹಾಕಿಕೊಂಡು ಬಂಗುಡೆ ತೂಗುವ ಕನಸು ಬಿದ್ದು ನಾನು ಬೆಚ್ಚಿ ಬೀಳುತ್ತಿದ್ದೆ.

ಊರಿನ ಹಿರಿಯ ವಕೀಲರೊಬ್ಬರ ಮನೆಯ ಮುಂದೆ ಸುಮ್ಮನೆ ಸುಳಿದಾಡಿ ಅವರ ಗುಟ್ಟನ್ನು ಪತ್ತೆ ಮಾಡಿದೆ. ಪುಸ್ತಕ ನನ್ನಲ್ಲೂ ಇತ್ತು, ಬೋರ್ಡೂ ಇತ್ತು. ಇಲ್ಲದ್ದು ಅವರ ಜಗಲಿಯ ಕುಂಡದಲ್ಲಿದ್ದ ಜರಿಗಿಡವೊಂದೇ! ಅವರ ತೋಟದವನನ್ನು ಕಾಡಿ ಬೇಡಿ ಒಂದು ಬುಡ ತಂದೆ. ಸಿಂಗಾಪುರದಿಂದ ಹಡಗಿನಲ್ಲಿ ಬಂದ ಜಾತಿ ಎಂದ ಪುಣ್ಯಾತ್ಮ. ಅಂಥ ಗಿಡವನ್ನು ಮಣ್ಣಿನ ಚಟ್ಟಿಯಲ್ಲಿ ನೆಡುವುದುಂಟೇ? ಹೆಂಡತಿ ರುಕ್ಕು ತವರಿನಿಂದ ತಂದಿದ್ದ ಹಿತ್ತಾಳೆಯ ಪಾಯಸದ ಪಾತ್ರೆಯಲ್ಲಿ ನೆಟ್ಟೆ.

“ಬಾವಿಯ ಗೋಡೆಯಲ್ಲಿ ಇಂಥದ್ದು ರಾಶಿ ಉಂಟಲ್ಲ ಮಾರಾಯ್ರೆ, ಅದಕ್ಕೆ ನನ್ನ ಪಾತ್ರೆಯೇ ಆಗ್ಬೇಕಾ?” ಎಂದಳು ಅವಳು.

ಸಿಂಗಾಪುರದ ಸಂಗತಿ ಅವಳಿಗೇನು ಗೊತ್ತು! ಬಿಸಿಲು ತಾಗದಂತೆ, ಗಾಳಿ ಬಡಿಯದಂತೆ ಗಿಡವನ್ನು ಕಾದೆ. ಬುಡಕ್ಕೆ ತೆಂಗಿನ ನಾರಿನ ಹುಡಿ ಹಾಕಿದೆ. ಮೀನು ತೊಳೆದ ನೀರು ಹಾಕಿದರೆ ಚೆನ್ನಾಗಿ ಬರುತ್ತದೆಂದು ರುಕ್ಕು ಹೇಳಿದಾಗ, ನ್ಯಾಯಾಂಗದ ಮರ್ಯಾದೆ ನೆನೆದು ಬೇಡವೆಂದೆ. ದಿನವೂ ಎಲೆಗಳ ಮೇಲೆ ಕೈಯಿಂದ ನೀರು ಚಿಮುಕಿಸುತ್ತಿದ್ದೆ.

“ಹೊರಗೆ ಆಟಿಯ ಮಳೆ ಹೊಯ್ತಾ ಉಂಟು, ನೀವು ಒಳಗೆ ಚೊಂಬಿನಲ್ಲಿ ಮಳೆ ಬರಿಸ್ತೀರಿ. ನಿಮಗೆ ಎಂತ ಆಗಿದೆ?” ಎಂದು ರುಕ್ಕು ನಕ್ಕಳು. ನಗಲಿ. ಗಿಡ ಮಾತ್ರ ಸೊಂಪಾಗಿ, ತುದಿ ಸುರುಳಿ ಸುತ್ತಿದ ಹೊಸ ಕುಡಿಗಳಿಂದ ತುಂಬಿಹೋಯಿತು. ನನಗೋ ಹೆತ್ತಷ್ಟು ಸಂತೋಷ.

ಒಂದು ಬೆಳಿಗ್ಗೆ ಕೂಳೂರಿನ ಬಾಗಿಯಕ್ಕ ಎಂಬ ಮೀನುಗಾರರ ಹೆಂಗಸು ಮಳೆಗೆ ಓಲೆಯ ಗೊರಬೆ ಹೊದ್ದುಕೊಂಡು ಜಗಲಿ ಹತ್ತಿದಳು. ಬಲೆ ಒಣಗಿಸುವ ಜಾಗದ ತಕರಾರಂತೆ. ಕೇಸು! ಆದರೆ ಬಂದ ಕೂಡಲೇ ಮಾತಿಗೆ ಕೂತರೆ ವಕೀಲನಿಗೆ ಬೆಲೆ ಎಲ್ಲಿಯದು? ದೊಡ್ಡವರೆಲ್ಲ ಕಾಯಿಸುತ್ತಾರೆ. “ತುಂಬ ಕೆಲಸ ಉಂಟು, ಕೂತಿರಿ” ಎಂದು ಒಳಗೆ ಹೋಗಿ, ಅಡುಗೆಮನೆಯ ಮಣೆಯ ಮೇಲೆ ಕೂತು, ಹೊರಗೆ ಕೇಳುವಂತೆ “ಮೈ ಲಾರ್ಡ್!” ಎಂದು ಗರ್ಜಿಸತೊಡಗಿದೆ.

“ಮೈ ಲಾರ್ಡಿಗೆ ಗಂಜಿ ಬಡಿಸ್ಲಿಕ್ಕುಂಟಾ?” ಎಂದಳು ರುಕ್ಕು. ಕುಡಿದೆ.

ಗಂಟಲು ಒಣಗುವಷ್ಟು ವಾದ ಮಾಡಿ ಹೊರಗೆ ಬಂದು ನೋಡುತ್ತೇನೆ, ಜರಿಗಿಡ ಬೋಳು! ಮೇಜಿನ ಮೇಲೆ ಬಾಳೆನಾರಿನಲ್ಲಿ ಕಟ್ಟಿದ ಕುಡಿಗಳ ಅಂದವಾದ ಕಟ್ಟು.

“ಕೂತು ಕೂತು ಬೇಸರ ಬಂತು ವಕೀಲರೇ. ತೆರ್ಮೆ ಬಲಿತು ಹೋಗ್ತಾ ಇತ್ತು, ಎಲ್ಲ ಕೊಯ್ದಿಟ್ಟೆ. ಅಮ್ಮನ ಹತ್ರ ಹಲಸಿನ ಬೀಜ ಹಾಕಿ ಪಲ್ಯ ಮಾಡ್ಲಿಕ್ಕೆ ಹೇಳಿ” ಎಂದಳು ಬಾಗಿಯಕ್ಕ.

ಮಳೆಗಾಲದಲ್ಲಿ ಜರಿಗಿಡದ ಎಳೆಕುಡಿ, ಅಂದರೆ ತೆರ್ಮೆ, ಕಂಡರೆ ನಮ್ಮ ಕಡೆಯವರ ಕೈ ಸುಮ್ಮನಿರುವುದಿಲ್ಲ. ಅಯ್ಯೋ ನನ್ನ ಸಿಂಗಾಪುರವೇ! ಬಾಯಿಗೆ ಬಂದ ಬೈಗುಳವನ್ನು, ಇದ್ದ ಒಬ್ಬಳೇ ಕಕ್ಷಿಗಾರ್ತಿಯ ಮುಖ ನೋಡಿ ನುಂಗಿಕೊಂಡೆ. ಗಿಡ ಹೋದರೂ ಹೆಸರು ಬಂದಿತಲ್ಲ ಎಂದು ಸಮಾಧಾನಪಟ್ಟುಕೊಂಡು, ಮೀಸೆ ತೀಡುತ್ತಾ ಕೇಳಿದೆ: “ಊರಲ್ಲಿ ಅಷ್ಟು ವಕೀಲರಿರುವಾಗ ನನ್ನನ್ನೇ ಹುಡುಕಿಕೊಂಡು ಬಂದದ್ದು ಎಂತಕ್ಕೆ?”

“ದೊಡ್ಡ ವಕೀಲರಲ್ಲಿಗೇ ಹೊರಟದ್ದು. ದಾರಿಯಲ್ಲಿ ನಿಮ್ಮ ಜಗಲಿ ಕಂಡಿತು. ಗುಡ್ಡೆಯಲ್ಲಿ ಪುಕ್ಕಟೆ ಸಿಗುವ ತೆರ್ಮೆಯನ್ನು ಪಾಯಸದ ಪಾತ್ರೆಯಲ್ಲಿ ನೆಟ್ಟಿದ್ದೀರಿ. ಪಾಪ, ಆ ಪಾತ್ರೆಯಲ್ಲಿ ಪಾಯಸ ಕಾಯಿಸಿ ಎಷ್ಟು ಕಾಲ ಆಯ್ತೋ! ಕೇಸು ಸೋತರೂ ಆಗ್ಬಹುದು, ಇವರ ಮನೆಯಲ್ಲಿ ಒಲೆ ಉರಿಯಲಿ ಅಂತ ಬಂದೆ.”

ಒಳಗೆ ರುಕ್ಕು ನಗು ತಡೆಯಲಾರದೆ ಕೆಮ್ಮಿದಳು. ನಾನು ಮೀಸೆಯಿಂದ ಕೈ ತೆಗೆದೆ. ಆಗ ತಾನೇ ಗಂಜಿ ಕುಡಿದಿದ್ದ ಹೊಟ್ಟೆಯನ್ನು ಆದಷ್ಟು ಒಳಗೆಳೆದುಕೊಂಡು, ಮುಖವನ್ನು ಇನ್ನಷ್ಟು ಬಾಡಿಸಿ, ಅವಳ ಮನಸ್ಸು ಬದಲಾಗುವ ಮೊದಲೇ ವಕಾಲತ್ತಿನ ಕಾಗದವನ್ನು ಮುಂದಿಟ್ಟೆ.