ಮಟ್ಟೆ ಸುಲಿಯದ ಫೋನು

ನಮ್ಮಣ್ಣನ ಫೋನನ್ನು ಕಣ್ಣಾರೆ ಕಂಡವರು ಹಾರನಹಳ್ಳಿಯಲ್ಲಿ ಯಾರೂ ಇಲ್ಲ. ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ಗರ್ಭಗುಡಿಯ ಕತ್ತಲಲ್ಲಿರುವ ದೇವರಾದರೂ ಮಂಗಳಾರತಿಯ ಹೊತ್ತಿಗೆ ಒಂದು ಗಳಿಗೆ ಮುಖ ತೋರಿಸುತ್ತಾನೆ. ನಮ್ಮಣ್ಣನ ಫೋನಿಗೆ ಆ ಮಂಗಳಾರತಿಯೂ ಇರಲಿಲ್ಲ! ಒಳಗೆ ಫೋನ್ ಇದೆ ಎಂದು ಭಕ್ತಿಯಿಂದ ನಂಬಬೇಕಿತ್ತು, ಅಷ್ಟೇ.

ನಾನು ಅವನ ತಂಗಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಆಮೇಲೆ ಗೆಂಡೆಹಳ್ಳಿಗೆ ಸೊಸೆಯಾಗಿ ಹೋದವಳು. ಬರೆದು ಅಭ್ಯಾಸವಿಲ್ಲ. ಆದರೂ ಬರೆಯಲು ಕೂತಿದ್ದೇನೆ, ಯಾಕೆಂದರೆ ಆ ಫೋನಿಗೆ ಆದ ಗತಿಯನ್ನು ಕಂಡು ಜನ ಅಣ್ಣನನ್ನು ನೋಡಿ ನಕ್ಕರು. ಅವರು ನೋಡಿ ನಗಬೇಕಾಗಿದ್ದವಳು ಅವನ ಪಕ್ಕದಲ್ಲೇ ಸೆರಗು ಹೊದ್ದು ನಿಂತಿದ್ದಳು.

ಫೋನ್ ಕೊಂಡ ದಿನ ನಾನೂ ಅರಸೀಕೆರೆಯ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಫೋನಿನ ಗುಣಗಾನ ಮಾಡಿದ್ದೇ ಮಾಡಿದ್ದು. ಇದರ ಗಾಜು ಬಿದ್ದರೂ ಒಡೆಯುವುದಿಲ್ಲವಂತೆ, ನೀರು ಬಿದ್ದರೂ ಏನೂ ಆಗುವುದಿಲ್ಲವಂತೆ, ಬಿಸಿಲಿಗೂ ಜಗ್ಗುವುದಿಲ್ಲವಂತೆ. ಅಣ್ಣ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ತೋರಿಸಲು ಇಟ್ಟಿದ್ದ ಫೋನನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, "ಹಂಗಾದ್ರೆ ಒಂದ್ಸಲ ಬಿಡ್ಲಾ?" ಎಂದ. ಅಂಗಡಿಯವನು ಗಾಬರಿಯಿಂದ ಎರಡೂ ಕೈ ಅಡ್ಡ ಹಿಡಿದ! ಅದರ ಬೆನ್ನಿಗೇ ಗಾಜಿನ ಮೇಲೆ ಹಾಕುವ ಇನ್ನೊಂದು ಗಾಜು, ಹಿಂದಕ್ಕೆ ಹಾಕುವ ಕಪ್ಪು ರಬ್ಬರ್ ಕವರ್ ತೆಗೆದು ತೋರಿಸಿದ. ಒಡೆಯದ ಗಾಜಿಗೆ ಇನ್ನೊಂದು ಗಾಜು ಯಾಕೆ ಎಂದು ಅಣ್ಣ ಕೇಳಿದ್ದಕ್ಕೆ ಆತನ ಹತ್ತಿರ ಉತ್ತರವಿರಲಿಲ್ಲ. ಉತ್ತರವಿಲ್ಲದ್ದರಿಂದಲೇ ಅಣ್ಣ ಎರಡನ್ನೂ ಕೊಂಡ. ಅಂಗಡಿಯವನು ಹೊಸ ಫೋನಿಗೆ ಒಳಗಿನಿಂದಲೇ ಅವೆರಡನ್ನೂ ತೊಡಿಸಿ ತಂದ. ಹೊರಡುವ ಮುಂಚೆ ಅಂಗಡಿಯವನನ್ನು ಪಕ್ಕಕ್ಕೆ ಕರೆದು ಒಂದೇ ಒಂದು ನಂಬರಿಗೆ ಗುಡಿಯ ಗಂಟೆಯ ಸದ್ದು ಹಾಕಿಸಿದ. ಉಳಿದವರಿಗೆಲ್ಲ ಫೋನಿನ ಜೊತೆ ಬಂದ ಸದ್ದೇ ಸಾಕಂತೆ. ಯಾವುದೋ ಕೊಬ್ಬರಿ ಮಂಡಿಯವರ ನಂಬರ್ ಇರಬೇಕು ಎಂದುಕೊಂಡೆ. ತೆಂಗು ಬೆಳೆಯುವವರಿಗೆ ಮಂಡಿಗಿಂತ ದೊಡ್ಡ ಗುಡಿ ಯಾವುದಿದೆ?

ಮನೆಗೆ ಬಂದ ಮೇಲೆ ನಿಜವಾದ ಅಲಂಕಾರ ಶುರುವಾಯಿತು. ಗಾಜು, ರಬ್ಬರ್ ಆದ ಮೇಲೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ. ಅದರ ಮೇಲೆ ಹಳೆಯ ಟವೆಲ್ಲಿನಿಂದ ಅತ್ತಿಗೆ ಹೊಲಿದುಕೊಟ್ಟ ಬಟ್ಟೆ ಚೀಲ. ಅದರ ಬಾಯಿಗೆ ಲಾಡಿ. ಲಾಡಿಗೆ ಅಣ್ಣ ಹಾಕುತ್ತಿದ್ದದ್ದು ಕೊಬ್ಬರಿ ಮೂಟೆಯ ಬಾಯಿ ಕಟ್ಟುವ ಗಂಟು. ಇದೆಲ್ಲ ಯಾಕೆ ಎಂದು ಕೇಳಿದರೆ ಅವನ ಹತ್ತಿರ ಶಾಸ್ತ್ರ ಸಿದ್ಧವಿತ್ತು.

"ಕಾಯಿ ಅಷ್ಟೆತ್ತರದ ಮರದಿಂದ ಬೀಳ್ತದೆ, ಒಡೆಯಲ್ಲ. ಯಾಕೇಳು? ಮಟ್ಟೆ ಐತೆ. ಮಟ್ಟೆ ಒಳಗೆ ಚಿಪ್ಪೈತೆ. ದೇವರು ಮಾಡಿದ್ದನ್ನೇ ನಾನೂ ಮಾಡಿದೀನಿ ಕಣೇ."

ತೆಂಗಿನಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ, ವರ್ಷ ತುಂಬುವವರೆಗೆ ಮುಟ್ಟದೆ ಬಿಟ್ಟು, ಒಳಗೇ ಒಣಗಿಸಿ ಕೊಬ್ಬರಿ ಮಾಡುವ ಮನೆ ನಮ್ಮದು. ಬಿಚ್ಚದೆ ಇಟ್ಟರೆ ಬೆಲೆ ಬರುತ್ತದೆ ಎಂಬುದು ನಮ್ಮ ರಕ್ತದಲ್ಲೇ ಇದೆ. ಅಟ್ಟ ಹತ್ತಿ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸುವುದೂ ಅಷ್ಟೇ. ಒಳಗೆ ಗಡಗಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಸುಲಿಯಬಹುದು ಎಂದರ್ಥ. ಅಣ್ಣ ದಿನಾ ಬೆಳಿಗ್ಗೆ ಫೋನನ್ನೂ ಹಾಗೇ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಸದ್ದು ಬರದಿದ್ದರೆ ತೃಪ್ತಿಯಿಂದ ಕಾಫಿ ಕುಡಿಯುತ್ತಿದ್ದ.

ಇಂಥ ಫೋನಿಗೆ ಕರೆ ಮಾಡುವವರ ಪಾಡೇನು? ಗಂಟು ಬಿಚ್ಚುವಷ್ಟರಲ್ಲಿ ಸದ್ದು ನಿಂತಿರುತ್ತಿತ್ತು. ಹಾಗಾಗಿ ಊರಿನಲ್ಲೇ ಒಂದು ಪದ್ಧತಿಯಾಯಿತು: ಮೊದಲನೇ ಫೋನು ಬಿಚ್ಚುವುದಕ್ಕೆ, ಎರಡನೆಯದು ಮಾತಾಡುವುದಕ್ಕೆ. ಇದನ್ನು ಮಾತ್ರ ನಾನು ನಂಬಿರಲಿಲ್ಲ. ಭಾನುವಾರ ಭಾನುವಾರ ನಾನು ಫೋನ್ ಮಾಡಿದಾಗ ಅಣ್ಣ ಒಂದೇ ಸಲಕ್ಕೆ ಎತ್ತುತ್ತಿದ್ದ. ಎತ್ತಿದ ಕೂಡಲೇ ಪರ್ರ್ ಎಂದು ಒಂದು ಸದ್ದು, ಆಮೇಲೆ ಅವನ ಹಲೋ. ಗೆಂಡೆಹಳ್ಳಿಯಲ್ಲಿ ನೆಟ್‌ವರ್ಕ್ ಸರಿಯಿಲ್ಲ ಎಂದು ನಾನು ಬೈದುಕೊಳ್ಳುತ್ತಿದ್ದೆ. ಹಾರನಹಳ್ಳಿಗೆ ಹೋದಾಗೆಲ್ಲ ಅತ್ತಿಗೆ ಆ ಚೀಲ ಹೊಲಿಯುತ್ತಾ ಕೂತಿರುತ್ತಿದ್ದರು. ಅಷ್ಟು ದಪ್ಪ ಟವೆಲ್ ಬಟ್ಟೆ ಹೇಗೆ ಮೇಲಿಂದ ಮೇಲೆ ಹರಿಯುತ್ತದೆ? ಅತ್ತಿಗೆಯ ಹೊಲಿಗೆ ಅಷ್ಟಕ್ಕಷ್ಟೇ ಎಂದು ತೀರ್ಮಾನಿಸಿದ್ದೆ. ನಾದಿನಿಯರ ತೀರ್ಮಾನ ಬೇರೆ ಹೇಗಿರುತ್ತದೆ ಹೇಳಿ!

ಒಮ್ಮೆ ನಮ್ಮ ಮನೆಯವರೆಲ್ಲ ಹಳೇಬೀಡಿಗೆ ಹೋದಾಗ ಅಣ್ಣನೂ ಬಂದಿದ್ದ. ಹೊಸ ಫೋನಿನವನು ಫೋಟೋ ತೆಗೆಯಲಿ ಎಂದು ಎಲ್ಲರೂ ದೇವಸ್ಥಾನದ ಮುಂದೆ ನಿಂತರು. ಅಣ್ಣ ಬಟ್ಟೆ ಚೀಲದಿಂದ ಹೊರಗೆ ತೆಗೆದ, ಪ್ಲಾಸ್ಟಿಕ್ ಚೀಲ ಮಾತ್ರ ಬಿಚ್ಚಲಿಲ್ಲ. ಫೋಟೋದಲ್ಲಿ ನಾವು, ದೇವಸ್ಥಾನ, ಆಕಾಶ ಎಲ್ಲ ಒಂದೇ ಮಜ್ಜಿಗೆಯಲ್ಲಿ ಮುಳುಗಿದ್ದೆವು. ನನ್ನ ಅತ್ತೆ ತಾವೆಲ್ಲಿ ಎಂದು ಹುಡುಕಿ ಹುಡುಕಿ, ಕೊನೆಗೆ ಒಂದು ಕಂಬವನ್ನು ತೋರಿಸಿ ಇದೇ ನಾನು ಎಂದು ಸಮಾಧಾನಪಟ್ಟುಕೊಂಡರು. ಅಣ್ಣನಿಗೆ ಇದ್ಯಾವುದರ ಚಿಂತೆಯೂ ಇಲ್ಲ. ಕೈ ಮುರಿದ ವಿಗ್ರಹಗಳನ್ನೂ ಸೊಂಡಿಲು ಹೋದ ಆನೆಯನ್ನೂ ನೋಡುತ್ತಾ ನಿಂತಿದ್ದ. "ಮಟ್ಟೆ ಇಲ್ದೆ ನಿಲ್ಸಿದ್ರೆ ಕಲ್ಲೂ ತಡೆಯಲ್ಲ ಕಣೇ" ಎಂದು ನಿಟ್ಟುಸಿರುಬಿಟ್ಟ.

ನನ್ನ ಫೋನಿನ ಕಥೆಯೇ ಬೇರೆ. ಅದರ ಗಾಜು ಜೇಡರ ಬಲೆಯಂತೆ ಒಡೆದಿದೆ. ಬಚ್ಚಲಿಗೆ ಬಿದ್ದಿದೆ, ಬಸ್ಸಿನ ಮೆಟ್ಟಿಲಿನಿಂದ ಬಿದ್ದಿದೆ, ಹಿಟ್ಟಿನ ಕೈಯಲ್ಲಿ ಹಿಡಿಸಿಕೊಂಡಿದೆ. ಆದರೂ ಬದುಕಿದೆ. ಅಣ್ಣ ಅದನ್ನು ಕಂಡಾಗೆಲ್ಲ "ನಿನ್ನ ಕೈಯಾಗೆ ಕಲ್ಲುಗುಂಡೂ ಉಳಿಯಲ್ಲ" ಎನ್ನುತ್ತಿದ್ದ. ಆ ಮಾತು ಸುಳ್ಳು ಎಂದು ಸಾಧಿಸಬೇಕೆಂಬ ಹಟ ನನಗಿತ್ತು. ಸಾಧಿಸಿದ್ದು ಉಲ್ಟಾ.

ಹೋದ ಸಲ ಹಾರನಹಳ್ಳಿಗೆ ಹೋದಾಗ, ಅಣ್ಣ ತೋಟಕ್ಕೆ ನೀರು ಬಿಡಲು ಹೊರಟವನು ಫೋನನ್ನು ಹಿತ್ತಿಲ ಬಾಗಿಲ ಗೂಡಿನಲ್ಲಿಟ್ಟು ಹೋದ. ತೋಟದಲ್ಲಿ ನೀರಿರುತ್ತದಲ್ಲ, ಅದಕ್ಕೆ! ನನಗೆ ತಡೆಯಲಾರದ ಆಸೆ. ಒಳಗಿನ ಫೋನ್ ಹೇಗಿರಬಹುದು? ಬಿಚ್ಚಿದೆ. ಗಂಟು, ಲಾಡಿ, ಪ್ಲಾಸ್ಟಿಕ್, ಕೊನೆಗೆ ರಬ್ಬರ್ ಕವರನ್ನೂ ಸುಲಿದೆ. ಅಬ್ಬಾ, ಎಷ್ಟು ಚಂದವಿತ್ತು! ನುಣ್ಣಗೆ, ಕೊಳದ ನೀರಿನ ಹಾಗೆ. ಅಷ್ಟು ನುಣುಪಾದದ್ದು ನನ್ನ ಕೈಯಲ್ಲಿ ನಿಲ್ಲುತ್ತದೆಯೇ? ಜಾರಿ ಕರುವಿಗೆ ಇಟ್ಟಿದ್ದ ಕಲಗಚ್ಚಿನ ಬಕೆಟ್ಟಿಗೆ ಬಿತ್ತು. ಕರು ಒಂದು ಸಲ ಮೂಸಿ ನೋಡಿ ಮುಖ ತಿರುಗಿಸಿತು.

ಸೆರಗಿನಲ್ಲಿ ಒರೆಸಿದೆ. ನೆನೆದ ಫೋನನ್ನು ಅಕ್ಕಿಯಲ್ಲಿ ಹೂಳಬೇಕು ಎಂದು ಎಲ್ಲರೂ ಹೇಳುವುದನ್ನು ಕೇಳಿದ್ದೆ. ಅಕ್ಕಿ ಡಬ್ಬ ಅಡುಗೆಮನೆಯಲ್ಲಿ, ಅಡುಗೆಮನೆಯಲ್ಲಿ ಅತ್ತಿಗೆ. ನನ್ನ ಪಕ್ಕದಲ್ಲಿ ಬಾಯಿ ಬಿಚ್ಚಿದ ರಾಗಿ ಮೂಟೆ. ಅಕ್ಕಿ ಕುಡಿಯುವ ನೀರನ್ನು ರಾಗಿ ಕುಡಿಯದೇ? ಅಕ್ಕಿಗಿಂತ ರಾಗಿ ಗಟ್ಟಿ ಧಾನ್ಯ, ಉಂಡವರೇ ಸಾಕ್ಷಿ! ಫೋನನ್ನು ರಾಗಿಯೊಳಗೆ ಆಳಕ್ಕೆ ತಳ್ಳಿದೆ. ರಾಗಿ ಎಷ್ಟು ಸಣ್ಣದು, ಚಾರ್ಜ್ ಮಾಡುವ ತೂತು ಎಷ್ಟು ದೊಡ್ಡದು ಎಂದು ಆಗ ಹೊಳೆಯಲಿಲ್ಲ. ಅಣ್ಣ ಬರುವ ಸದ್ದಾದಾಗ ಎಳೆದು, ಊದಿ, ಎಲ್ಲ ಹೊದಿಕೆ ಹೊದಿಸಿ ಗೂಡಿನಲ್ಲಿಟ್ಟೆ.

ಮಾರನೇ ಬೆಳಿಗ್ಗೆ ಅಣ್ಣ ಎಂದಿನಂತೆ ಫೋನನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗಿನಿಂದ ಗಲಗಲ ಎಂದಿತು. ಕಾಯಾಗಿದ್ದರೆ ಹಬ್ಬ ಮಾಡುತ್ತಿದ್ದ. ಫೋನಾದ್ದರಿಂದ ಕಾಫಿ ಲೋಟ ಕೆಳಗಿಟ್ಟ.

ಅರಸೀಕೆರೆಯ ರಿಪೇರಿ ಅಂಗಡಿಗೆ ಇಬ್ಬರೂ ಹೋದೆವು. ನಾನು ಅಲ್ಲಿಂದಲೇ ಬೇಲೂರಿನ ಬಸ್ಸು ಹಿಡಿಯಬೇಕಿತ್ತು. ರಿಪೇರಿಯವನು ಪ್ಲಾಸ್ಟಿಕ್ ಚೀಲ ಬಗ್ಗಿಸಿದ ಕೂಡಲೇ ಮೇಜಿನ ಮೇಲೆ ರಾಗಿ ಉದುರಿತು. ರಬ್ಬರ್ ಕವರ್ ಬಿಚ್ಚುವ ಕೆಲಸವೂ ಬೀಳಲಿಲ್ಲ. ಚಾರ್ಜಿನ ತೂತಿಗೆ ಸೂಜಿ ಹಾಕಿ ಒಂದೊಂದೇ ಕಾಳು ಎಬ್ಬಿಸುತ್ತಾ ಆತ ಹೇಳಿದ:

"ಯಜಮಾನ್ರೆ, ಇನ್ನೊಂದೆರಡು ದಿನ ಬಿಟ್ಟಿದ್ರೆ ಪೈರು ಕೀಳಬಹುದಿತ್ತು."

ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಇಷ್ಟು ಜೋಪಾನ ಮಾಡುವವರು ಫೋನನ್ನು ರಾಗಿಗೆ ಯಾಕೆ ಹಾಕಿದಿರಿ ಎಂದು ಒಬ್ಬರು ಕೇಳಿದರು. ಅಣ್ಣ ತಲೆ ತಗ್ಗಿಸಿ, ರಾಗಿ ಅಳೆಯುವಾಗ ತಾನೇ ಚೀಲ ಬಿಚ್ಚಿ ಬೀಳಿಸಿರಬೇಕು, ಇತ್ತೀಚೆಗೆ ನೆನಪು ನಿಲ್ಲುತ್ತಿಲ್ಲ ಎಂದ. ಆಗ ನಾನು ಬಾಯಿ ಬಿಡಬೇಕಿತ್ತು. ಒಂದು ಮಾತು ಸಾಕಾಗಿತ್ತು. ನಾನು ಬಸ್ಸಿನ ಹೊತ್ತಾಯಿತು ಎಂದೆ!

ಫೋನೇನೋ ಬದುಕಿತು. ಅಂಗಡಿಯವನ ಗುಣಗಾನ ಪೂರ್ತಿ ಸುಳ್ಳಾಗಿರಲಿಲ್ಲ. ಬದುಕದೆ ಹೋದದ್ದು ಅಣ್ಣನ ಧೈರ್ಯ. ಬಸ್ ಹತ್ತಿಸುವಾಗ ಅವನು ಹೇಳಿದ: "ನಂಗಿದು ಆಗಿಬರಲ್ಲ ಕಣವ್ವ. ಮರೆವು ಬಂದೋನ ಕೈಗೆ ಫೋನ್ಯಾಕೆ? ಇನ್ಮೇಲೆ ಏನಿದ್ರೂ ನಿಮ್ಮತ್ತಿಗೆಗೇ ಮಾಡು."

ಭಾನುವಾರ ಅಭ್ಯಾಸಬಲದಿಂದ ಅವನ ನಂಬರಿಗೇ ಮಾಡಿದೆ. ಸ್ವಿಚ್ ಆಫ್. ಅಪ್ಪ ಅವ್ವ ಹೋದ ಮೇಲೆ ನನಗೆ ತವರು ಎಂದರೆ ಆ ನಂಬರೇ ಆಗಿತ್ತು ಎಂದು ಆಗ ತಿಳಿಯಿತು. ಅತ್ತಿಗೆಗೆ ಮಾಡಿದೆ. ಫೋನನ್ನು ಅಟ್ಟಕ್ಕೆ ಹಾಕಿದ್ದಾನೆ, ಕಾಯಿಗಳ ಜೊತೆ ಮಲಗಿದೆ ಎಂದರು. ಅಣ್ಣ ಎಲ್ಲಾದರೂ ಏನಾದರೂ ಮರೆಯುತ್ತೇನೇನೋ ಎಂಬ ಭಯದಲ್ಲಿ ಮಂಡಿಗೂ ಹೋಗುತ್ತಿಲ್ಲವಂತೆ.

"ನಂಗೇನೋ ಹೊಲಿಯೋ ಕೆಲ್ಸ ತಪ್ತು" ಎಂದು ನಗಲು ನೋಡಿದರು. "ಸೋಮವಾರ ಬಂತು ಅಂದ್ರೆ ಸೂಜಿ ದಾರ ಹಿಡೀಬೇಕಿತ್ತು."

"ಸೋಮವಾರನೇ ಯಾಕತ್ತಿಗೆ?"

"ಭಾನುವಾರ ನೀನು ಮಾಡ್ತಿದ್ದಲ್ಲಮ್ಮ. ಬೇರೆಯೋರ ಫೋನ್ ಬಂದ್ರೆ ನಿಧಾನಕ್ಕೆ ಗಂಟು ಬಿಚ್ಚೋರು. ಆ ಗಂಟೆ ಸದ್ದು ನಿಂದು. ಅದು ಬಂದ್ರೆ ಗಂಟು ಬಿಚ್ಚೋ ತಾಳ್ಮೆ ಎಲ್ಲೈತೆ? ಹೊಲಿಗೆ ಕಿತ್ತು ಬೆರಳು ತೂರ್ಸಿ ಎತ್ತೋರು, ಮಾತಾಡಕ್ಕೆ ಉಳಿದಿದ್ದನ್ನೂ ಹರಿಯೋರು."

ಫೋನನ್ನು ಅಣ್ಣನಿಗೆ ಕೊಡಿ ಎಂದೆ.

"ಅಣ್ಣ, ನಿಂಗೆ ಮರೆವು ಬಂದಿಲ್ಲ. ಕಲಗಚ್ಚಿಗೆ ಬೀಳಿಸ್ದೋಳು ನಾನು. ರಾಗಿಗೆ ಹಾಕಿದ್ದೂ ನಾನೇ."

ಅವನು ಕೇಳಿದ್ದು ಇಷ್ಟೇ:

"ಅಕ್ಕಿ ಡಬ್ಬ ಒಳಗೇ ಇತ್ತಲ್ಲೇ?"

"ಅತ್ತಿಗೆ ಇದ್ರು."

"ಹೂಂ. ಪೂರಾ ಬಿಚ್ಚಿ ನೋಡಿದ್ಯಾ? ಹೆಂಗೈತೆ?"

"ಚೆನ್ನಾಗೈತೆ ಅಣ್ಣ. ನೀಲಿ ಬಣ್ಣ."

"ನೀಲಿನಾ? ಆ ರಬ್ಬರ್ ನೋಡಿ ನೋಡಿ ಕರೀದು ಅಂತ್ಲೇ ಅಂದ್ಕೊಂಡಿದ್ದೆ."

ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅತ್ತಿಗೆಯ ಕೈಗೆ ಫೋನ್ ಕೊಟ್ಟು ಹೋಗಿಬಿಟ್ಟ.

ಮುಂದಿನ ಭಾನುವಾರ ನನ್ನ ಒಡಕು ಗಾಜಿನ ಮೇಲೆ ಬೆರಳಿಟ್ಟು ಕೂತೇ ಇದ್ದೆ. ಮಾಡಲೋ ಬೇಡವೋ? ಕೊನೆಗೆ ಅಣ್ಣನ ನಂಬರನ್ನೇ ಒತ್ತಿದೆ. ರಿಂಗಾಯಿತು. ಒಂದೇ ಸಲಕ್ಕೆ ಎತ್ತಿದ.

ಮೊದಲು ಬಟ್ಟೆ ಹರಿಯುವ ಸದ್ದು ಕೇಳಿಸಿತು. ಆಮೇಲೆ ಅವನ ಹಲೋ.