ಕೂಗುವವನ ಮುಕ್ಕಾಲು ಉಸಿರು

ಇಂದ,
ಕೂಗುವವ, ಎರಡನೇ ನ್ಯಾಯಾಲಯದ ಬಾಗಿಲು
(ಸದ್ಯಕ್ಕೆ: ಹಳೆ ಕಡತಗಳ ಕೋಣೆ, ನೆಲಮಾಳಿಗೆ, ಕಿಟಕಿ ಇಲ್ಲ)

ಗೆ,
ಆಡಳಿತಾಧಿಕಾರಿಗಳು
ಅದೇ ಕಟ್ಟಡ, ಮೊದಲ ಮಹಡಿ (ಕಿಟಕಿ ನಾಲ್ಕು)

ಮೂಲಕ: ಹೆಡ್ ಗುಮಾಸ್ತರು (ಅವರ ಮೂಲಕ ಕಳಿಸದಿದ್ದರೆ ಮುಖ ಊದಿಸಿಕೊಳ್ಳುತ್ತಾರೆ)

ವಿಷಯ: ಬಲ ಶ್ವಾಸಕೋಶದ ಮೇಲಿನ ಭಾಗವನ್ನು ಕಳೆದುಕೊಂಡ ನೌಕರನನ್ನು ಮರಳಿ ಬಾಗಿಲಿಗೆ ನೇಮಿಸುವ ಬಗ್ಗೆ.

ಉಲ್ಲೇಖ: 1) "ತೆಗೆದುಹಾಕಲಾದ ಭಾಗವು ಮರಳಿ ಬೆಳೆಯುವ ಅಂದಾಜು ದಿನಾಂಕವನ್ನು ತಿಳಿಸತಕ್ಕದ್ದು" ಎಂಬ ತಮ್ಮ ಜ್ಞಾಪನ.
2) 'ನಾನು' ಎಂಬ ಪದ ಹನ್ನೊಂದು ಕಡೆ ಬಂದಿದೆ, ಇದು ಅಹಂಕಾರ, ಎಂದು ವಾಪಸಾದ ಹಿಂದಿನ ಅರ್ಜಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಅರ್ಜಿದಾರನು ಇಪ್ಪತ್ತೇಳು ವರ್ಷಗಳಿಂದ ನ್ಯಾಯಾಲಯದ ಬಾಗಿಲಲ್ಲಿ ನಿಂತು ವಾದಿ ಪ್ರತಿವಾದಿಗಳ ಹೆಸರು ಕೂಗುತ್ತಾ ಬಂದವನು. ಒಬ್ಬೊಬ್ಬರಿಗೆ ಮೂರು ಕೂಗು. ಹೆಸರು, ತಂದೆಯ ಹೆಸರು, ಕೇಸಿನ ನಂಬರು, ಎಲ್ಲವೂ ಒಂದೇ ಉಸಿರಿನಲ್ಲಿ. ಮೂರನೆಯದಕ್ಕೂ ಬಾರದಿದ್ದರೆ ಒಳಗೆ 'ಗೈರುಹಾಜರು' ಎಂದು ಬರೆದು ಕೇಸು ವಜಾ. ಈ ಕೂಗು ಹಿಂದಿನ ಸೈಕಲ್ ಸ್ಟ್ಯಾಂಡಿನವರೆಗೂ ಕೇಳುತ್ತದೆಂದು ತಾವೇ ಒಮ್ಮೆ ಹೊಗಳಿದ್ದಿರಿ. ಅದೇ ವಾರ, ಮಧ್ಯಾಹ್ನದ ಹೊತ್ತು ಸ್ವಲ್ಪ ಮೆಲ್ಲಗೆ ಕೂಗತಕ್ಕದ್ದೆಂದು ಜ್ಞಾಪನವನ್ನೂ ಕೊಟ್ಟಿದ್ದಿರಿ. ತಮ್ಮ ನಿದ್ದೆಯ ಮೇಲೆ ಅರ್ಜಿದಾರನಿಗೆ ಯಾವ ದ್ವೇಷವೂ ಇಲ್ಲ.

1. ಹೀಗಿರುವಲ್ಲಿ ಅರ್ಜಿದಾರನಿಗೆ ಕೆಮ್ಮು ಬಂತು. ಬಂದದ್ದು ಹೋಗಲಿಲ್ಲ. ಎಕ್ಸ್‌ರೇಯಲ್ಲಿ ಒಂದು ನೆರಳು, ಸ್ಕ್ಯಾನಿನಲ್ಲಿ ಆ ನೆರಳಿಗೊಂದು ಅಳತೆ, ಸೂಜಿ ಚುಚ್ಚಿ ತೆಗೆದ ಚೂರಿನಲ್ಲಿ ಅದಕ್ಕೊಂದು ಹೆಸರು. ಕ್ಯಾನ್ಸರ್. ಕಚೇರಿಯ ಕಡತವೊಂದು ಮೂರು ಮೇಜು ದಾಟಲು ತೆಗೆದುಕೊಳ್ಳುವ ಕಾಲದ ಕಾಲು ಭಾಗದಲ್ಲಿ ಇಷ್ಟೆಲ್ಲ ಮುಗಿಯಿತು.

2. "ದಿನಕ್ಕೆ ಎಷ್ಟು ಸಿಗರೇಟು?" ಎಂದು ಸರ್ಜನ್ ಮೇಡಂ ಕೇಳಲಾಗಿ, ಅರ್ಜಿದಾರನು "ಎರಡು" ಎಂದು ಹೇಳಿಕೆ ಕೊಟ್ಟ.

"ಎರಡು ಪ್ಯಾಕು ಅನ್ರೀ," ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ. "ಕೋರ್ಟಲ್ಲಿ ಕೆಲ್ಸ ಮಾಡೋರು, ಇಲ್ಲಾದ್ರೂ ನಿಜ ಹೇಳಿ."

ಸರ್ಜನ್ ಮೇಡಂ ತೀರ್ಪನ್ನು ಕಾಯ್ದಿರಿಸದೆ ಅಲ್ಲೇ ಕೊಟ್ಟರು. ಇವತ್ತಿನಿಂದ ಸಿಗರೇಟು ಬಂದ್. ನಾಲ್ಕು ವಾರ ನಡಿಗೆ, ಮೆಟ್ಟಿಲು ಹತ್ತುವುದು, ಮೂರು ಚೆಂಡುಗಳಿರುವ ಒಂದು ಪ್ಲಾಸ್ಟಿಕ್ ಡಬ್ಬಿಯ ಕೊಳವೆಯಲ್ಲಿ ಉಸಿರೆಳೆದು ಚೆಂಡುಗಳನ್ನು ಮೇಲೆತ್ತುವುದು. ಆಪರೇಷನ್ನಿಗೆ ಹೋಗುವಾಗ ಶ್ವಾಸಕೋಶ ಎಷ್ಟು ಗಟ್ಟಿಯಿರುತ್ತದೋ ಅಷ್ಟು ಬೇಗ ಚೇತರಿಕೆ ಎಂಬುದು ಅವರ ವಾದ. ಅರ್ಜಿದಾರ ಮೊದಲ ಎಳೆತಕ್ಕೇ ಮೂರೂ ಚೆಂಡು ಎತ್ತಿಬಿಟ್ಟ. ಇಪ್ಪತ್ತೇಳು ವರ್ಷದ ಸರ್ಕಾರಿ ಕೂಗು, ಸುಮ್ಮನೆಯೇ?

3. ಬಲಗಡೆಯ ಶ್ವಾಸಕೋಶದಲ್ಲಿ ಮೂರು ಭಾಗಗಳಿವೆಯೆಂದೂ, ಮೇಲಿನದನ್ನು ತೆಗೆದರೆ ಉಳಿದವು ಹಿಗ್ಗಿ ಆ ಜಾಗ ತುಂಬುತ್ತವೆಂದೂ ಮೇಡಂ ಚಿತ್ರ ಬರೆದು ತೋರಿಸಿದರು. ಅಂದರೆ ಒಬ್ಬರು ಹೋದರೆ ಉಳಿದವರೇ ಅವರ ಕೆಲಸ ಹಂಚಿಕೊಳ್ಳುವುದು, ಹೊಸಬರ ನೇಮಕ ಇಲ್ಲ. ನಮ್ಮ ಕಚೇರಿಯ ಪದ್ಧತಿ ದೇಹದೊಳಗೂ ಇದೆಯೆಂದು ಅರ್ಜಿದಾರನಿಗೆ ಅಂದೇ ತಿಳಿದದ್ದು. ಒಪ್ಪಿಗೆ ಪತ್ರವನ್ನು ಅಕ್ಷರ ಬಿಡದೆ ಓದಿ ಅವನು ಕೇಳಿದ್ದು ಒಂದೇ ಪ್ರಶ್ನೆ.

"ಧ್ವನಿ ಉಳಿಯುತ್ತಾ, ಮೇಡಂ?"

"ಧ್ವನಿ ಇರತ್ತೆ. ಮೊದ್ಲಿನಷ್ಟು ದಮ್ಮು ಇರಲ್ಲ. ಮೊದ್ಲು ನೀವು ಇರಿ, ಆಮೇಲೆ ಅದನ್ನ ನೋಡೋಣ."

4. ಇಲ್ಲಿ ಅರ್ಜಿದಾರನು ತನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಶಸ್ತ್ರಚಿಕಿತ್ಸೆಯ ದಿನ ಬೆಳಗ್ಗೆ ಹಸಿದ ಹೊಟ್ಟೆಯಲ್ಲಿ, ಹಿಂದೆ ಕಟ್ಟುವ ಹಸಿರು ಅಂಗಿಯಲ್ಲಿ ಅವನು ಹೊರಗಿನ ಬೆಂಚಿನಲ್ಲಿ ಕೂತಿದ್ದ. ಹೆಂಡತಿ ಔಷಧಿ ತರಲು ಹೋಗಿದ್ದಳು. ಆಪರೇಷನ್ ಥಿಯೇಟರಿನ ಬಾಗಿಲು ತೆರೆದು ಒಬ್ಬರು ಅವನ ಹೆಸರು ಕೂಗಿದರು. ಅವನು ಕದಲಲಿಲ್ಲ. ಎರಡನೇ ಸಲ ಕೂಗಿದರು. ಅಂಗಿ ಸರಿಮಾಡಿಕೊಂಡ. ಮೂರನೇ ಕೂಗು ಬರಲೇ ಇಲ್ಲ. 'ರೋಗಿ ಹಾಜರಿಲ್ಲ' ಎಂದು ಬರೆದುಕೊಂಡು ಮುಂದಿನವರನ್ನು ಒಳಗೆ ಕರೆದೊಯ್ದರು. ಅರ್ಜಿದಾರನ ಸರದಿ ಒಂಬತ್ತು ದಿನ ಮುಂದೆ ಹೋಯಿತು.

"ಕೂಗಿದ್ದು ಕೇಳಿಸ್ಲಿಲ್ವೇನ್ರೀ?"

"ಕೇಳಿಸ್ತು ಕಣೇ."

"ಮತ್ತೆ?"

"ಮೂರನೇ ಸಲ ಕೂಗ್ಲಿಲ್ಲ."

ಹೆಂಡತಿ ಔಷಧಿಯ ಚೀಲವನ್ನು ಬೆಂಚಿನ ಮೇಲಿಟ್ಟು, ಆಸ್ಪತ್ರೆ ಎನ್ನುವುದನ್ನೂ ಮರೆತು, ಅರ್ಜಿದಾರನ ವಂಶದ ಬುದ್ಧಿಮಟ್ಟದ ಬಗ್ಗೆ ಸವಿವರವಾಗಿ ಮಾತಾಡಿದಳು. ಮಾತಿನ ನಡುವೆಯೇ ಅತ್ತಳು. ಅಭ್ಯಾಸಬಲ ಎಂದು ಅವಳಿಗೆ ಸಮಜಾಯಿಷಿ ಕೊಟ್ಟದ್ದು ಅರ್ಧ ಮಾತ್ರ ನಿಜ. ಉಳಿದರ್ಧ ಹೆದರಿಕೆ. ಎದ್ದು ನಿಂತರೆ ಎದೆ ಸೀಳಿಸಿಕೊಳ್ಳಬೇಕಲ್ಲ ಎಂದುಕೊಂಡವನು ಕಚೇರಿಯ ನಿಯಮ ನೆನಪಾಗಿ ಅದರ ಹಿಂದೆ ಅಡಗಿ ಕೂತ. ಆದ್ದರಿಂದ ನಿಯಮಗಳ ಹಿಂದೆ ಅಡಗುವವರ ಕಷ್ಟ ಅರ್ಜಿದಾರನಿಗೂ ಗೊತ್ತು.

5. ಹತ್ತನೇ ದಿನ ಹೆಂಡತಿ ಅವನ ರಟ್ಟೆ ಹಿಡಿದೇ ಕೂತಿದ್ದಳು. ಮೊದಲ ಕೂಗಿಗೇ "ಇದಾರೆ, ಇದಾರೆ!" ಎಂದು ಎಬ್ಬಿಸಿ ಒಳಗೆ ತಳ್ಳಿದಳು. ಪಕ್ಕೆಲುಬುಗಳ ನಡುವೆ ಕೊಯ್ದು ನಾಲ್ಕು ಗಂಟೆ ಕೆಲಸ ನಡೆಯಿತಂತೆ. ಆ ಕಲಾಪದಲ್ಲಿ ಅರ್ಜಿದಾರನ ಪಾತ್ರ ಏನೂ ಇಲ್ಲವಾದ ಕಾರಣ ವಿವರ ಲಭ್ಯವಿಲ್ಲ.

6. ಎಚ್ಚರವಾದಾಗ ಎದೆಯ ಪಕ್ಕದಿಂದ ಒಂದು ನಳಿಕೆ ಹೊರಟು ಮಂಚದ ಕೆಳಗಿನ ಬಾಟಲಿಗೆ ಹೋಗಿತ್ತು. ಕೆಮ್ಮಿದಾಗಲೆಲ್ಲ ಅದರಲ್ಲಿ ಗುಳುಗುಳು. ಮಲಗಿರಲು ಬಿಡುತ್ತಾರೆಂದು ಅರ್ಜಿದಾರ ನಂಬಿದ್ದ. ಮಾರನೇ ದಿನವೇ ಎಬ್ಬಿಸಿ ವಾರ್ಡಿನ ಉದ್ದಕ್ಕೂ, ಬಾಟಲಿ ಕೈಯಲ್ಲಿ ಹಿಡಿಸಿ, ನಡೆಸಿದರು. ಕಫ ಕಟ್ಟಬಾರದೆಂದು ದಿಂಬನ್ನು ಎದೆಗವಚಿಸಿ ಕೆಮ್ಮಿಸಿದರು. ನೋವೆಂದರೆ ಕಣ್ಣಲ್ಲಿ ನೀರು ಬರುವಂಥದ್ದು, ಬಂತು. ಚೆಂಡಿನ ಡಬ್ಬಿ ಕೊಟ್ಟರು. ಒಂದು ಚೆಂಡೂ ಏಳಲಿಲ್ಲ. ಮೂರೂ ತಳದಲ್ಲಿ ಕೂತು ಅವನನ್ನೇ ನೋಡುತ್ತಿದ್ದವು. ಐದನೇ ದಿನ ನಳಿಕೆ ತೆಗೆದರು, ಏಳನೇ ದಿನ ಮನೆ.

7. ಮನೆಯಲ್ಲಿ ದಿಂಬುಗಳಿಗೆ ಒರಗಿ ನಿದ್ದೆ, ಭಾರ ಎತ್ತುವಂತಿಲ್ಲ, ಭುಜ ಬಿಗಿಯಬಾರದೆಂದು ಗೋಡೆಯ ಮೇಲೆ ಬೆರಳುಗಳಿಂದ ಹತ್ತುವ ಅಭ್ಯಾಸ. ನೋಡಲು ಬಂದ ಬೀಗರು "ಗೋಡೆಗೆ ಬಣ್ಣ ಬಳಿಸ್ತೀರಾ?" ಎಂದು ಕೇಳಿದರು. ಮೂರನೇ ವಾರ ಪ್ರಯೋಗಾಲಯದ ವರದಿ ಬಂತು. ಗಡ್ಡೆ ಪೂರ್ತಿ ಹೋಗಿದೆ, ಸುತ್ತಲಿನ ಗ್ರಂಥಿಗಳು ಶುದ್ಧ, ಬೇರೆ ಚಿಕಿತ್ಸೆ ಸದ್ಯಕ್ಕೆ ಬೇಡ, ಆರು ತಿಂಗಳಿಗೊಮ್ಮೆ ಸ್ಕ್ಯಾನ್. ಹೆಂಡತಿ ಅದನ್ನು ಎರಡು ಸಲ ಓದಿಸಿದಳು. ಅಂದು ಅರ್ಜಿದಾರನು ಬದುಕಿರುವುದಕ್ಕೆ ತುಂಬಾ ಸಂತೋಷಪಟ್ಟನೆಂದು ಈ ಮೂಲಕ ದಾಖಲಿಸಲಾಗಿದೆ.

8. ಮೂರು ತಿಂಗಳ ನಂತರ ಕೆಲಸಕ್ಕೆ ಹಾಜರಾಗಲಾಗಿ, ತಾವು ದಯೆಯಿಂದ 'ಹಗುರ ಕೆಲಸ' ಎಂದು ಅವನನ್ನು ಕಡತಗಳ ಕೋಣೆಗೆ ಹಾಕಿದಿರಿ. ಅಲ್ಲಿ ಧೂಳು ವಿನಾ ಬೇರೇನಿಲ್ಲ, ಧೂಳಿಗೆ ತೂಕವೂ ಇಲ್ಲ, ಆದ್ದರಿಂದ ಹಗುರ. ಬಾಗಿಲಲ್ಲಿ ಧ್ವನಿವರ್ಧಕ ಹಾಕಿಸಿದಿರಿ. ಒಳಗಿನಿಂದ ಮೈಕಿನಲ್ಲಿ ಹೆಸರು ಓದುತ್ತಾರೆ, ಹೊರಗೆ ಬರುವುದು ಬರೀ ಕೊರಕೊರ. ಮೂರು ಕೂಗು ಎಂಟು ಸೆಕೆಂಡಿಗೆ ಮುಗಿಯುತ್ತದೆ.

9. ಹೋದ ಸೋಮವಾರ ಅರ್ಜಿದಾರ ಒಂದು ಕಡತ ಹಿಡಿದು ಮೇಲೆ ಬಂದಾಗ, ಒಬ್ಬ ದರ್ಜಿ ಹೆಂಗಸು ಧ್ವನಿವರ್ಧಕದ ನೇರ ಕೆಳಗಿನ ಬೆಂಚಿನಲ್ಲಿ ಕೂತಿದ್ದಳು. ಗಂಡನ ವಶದಲ್ಲಿರುವ ಮಗಳನ್ನು ವಾರಕ್ಕೊಮ್ಮೆ ನೋಡಲು ಬಿಡಿ ಎಂಬುದು ಅವಳ ಕೇಸು. ಎರಡು ವರ್ಷ ಅವಳನ್ನು ಕೂಗಿದವನು ಅರ್ಜಿದಾರನೇ. ಮೈಕು ಕೊರಕೊರ ಎಂದಿತು. ಅದು ಅವಳ ನಂಬರೆಂದು ಅವನ ಅನುಭವದ ಕಿವಿಗೆ ಗೊತ್ತಾಯಿತು, ಅವಳಿಗೆ ಆಗಲಿಲ್ಲ. ಮೆಟ್ಟಿಲ ತುದಿಯಿಂದಲೇ ಕೂಗಿದ. ಹೆಸರು ಹೊರಟಿತು. ತಂದೆಯ ಹೆಸರಿಗೆ ಉಸಿರು ಸಾಲಲಿಲ್ಲ. ಆ ಹೆಸರಿನವರು ವರಾಂಡದಲ್ಲಿ ನಾಲ್ವರಿದ್ದರು, ನಾಲ್ವರೂ ತಿರುಗಿ ತಂದೆಯ ಹೆಸರಿಗಾಗಿ ಕಾದರು. ಅರ್ಜಿದಾರ ಕಡತವನ್ನು ಎದೆಗವಚಿಕೊಂಡು ಕೆಮ್ಮಿ, ಉಸಿರು ಹಿಡಿದು, ತಂದೆಯ ಹೆಸರನ್ನೂ ಕೂಗುವಷ್ಟರಲ್ಲಿ ಒಳಗೆ ಕೇಸು ವಜಾ ಆಗಿತ್ತು.

"ಅಣ್ಣಾ, ಈಗ ಕೂಗಿದ್ದು ನನ್ನದೇ ಅಲ್ವಾ? ಒಳಗೆ ಹೋಗ್ಲಾ?" ಎಂದು ಅವಳು ಬಂದು ಕೇಳಿದಳು.

"ಮೈಕಲ್ಲಿ ಆಗ್ಲೇ ಮೂರು ಸಲ ಕೂಗಿ ಮುಗಿಸಿದ್ರಮ್ಮ."

"ಯಾವಾಗ? ನಾನು ಬೆಳಗ್ಗೆಯಿಂದ ಇಲ್ಲೇ ಇದೀನಲ್ಲ."

ಅವಳ ಚೀಲದಲ್ಲಿ ಮಗಳಿಗೆ ಹೊಲಿದ ಫ್ರಾಕು ಇತ್ತು. ಹೋದ ಸಲದ್ದು ಕೊಡುವಷ್ಟರಲ್ಲಿ ಚಿಕ್ಕದಾಗಿತ್ತಂತೆ, ಅದಕ್ಕೇ ಈ ಸಲ ಒಂದು ಅಳತೆ ದೊಡ್ಡದು. ಕೇಸನ್ನು ಮತ್ತೆ ಹೂಡಬಹುದು, ಏಳೆಂಟು ತಿಂಗಳು ಹಿಡಿಯುತ್ತದೆ ಎಂದು ಅರ್ಜಿದಾರ ಹೇಳಿದ. ಹೇಳುವಾಗ ಆದ ಸಂಕಟ ಪಕ್ಕೆಲುಬಿನ ನೋವಿಗಿಂತ ದೊಡ್ಡದಿತ್ತು, ಅದಕ್ಕೆ ಅವಚಿಕೊಳ್ಳಲು ಯಾರೂ ದಿಂಬು ಕೊಡುವುದಿಲ್ಲ.

10. ಅಂದಿನಿಂದ ಅರ್ಜಿದಾರನು ದಿನವೂ ತಾರಸಿಯ ಮೇಲೆ ಅಭ್ಯಾಸ ಮಾಡುತ್ತಿದ್ದಾನೆ. ಬೀದಿಯ ಕೊನೆಯಲ್ಲಿ ನಿಂತು ಹೆಂಡತಿ ಕೈ ಎತ್ತಿದರೆ ಕೇಳಿಸಿತೆಂದು ಅರ್ಥ. ಹೆಸರು ಕೂಗಿ, ಒಂದು ಉಸಿರು ಎಳೆದು, ತಂದೆಯ ಹೆಸರು ಕೂಗಿದರೆ ಅವಳು ಪ್ರತಿ ಸಲವೂ ಕೈ ಎತ್ತುತ್ತಾಳೆ. ನಡುವಿನ ಬಿಡುವು ಎರಡು ಸೆಕೆಂಡು. ಅಕ್ಕಪಕ್ಕದವರು ಈಗ ಮಾತು ಬಿಟ್ಟಿದ್ದಾರೆ, ಅದು ಬೇರೆ ವಿಷಯ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ತೆಗೆದ ಭಾಗ ಮರಳಿ ಬೆಳೆಯುವುದಿಲ್ಲವೆಂಬುದನ್ನು ತಾವು ದೊಡ್ಡ ಮನಸ್ಸು ಮಾಡಿ ಮನ್ನಿಸಿ, ಅರ್ಜಿದಾರನನ್ನು ಬಾಗಿಲಿಗೆ ಮರಳಿ ನೇಮಿಸಬೇಕಾಗಿಯೂ, ಪ್ರತಿ ಕೂಗಿನಲ್ಲಿ ಹೆಸರಿಗೂ ತಂದೆಯ ಹೆಸರಿಗೂ ನಡುವೆ ಒಂದು ಉಸಿರಿನಷ್ಟು ರಜೆ ಮಂಜೂರು ಮಾಡಬೇಕಾಗಿಯೂ ಕೋರಿಕೆ. ಇದು ಅವನ ರಜೆಯ ಲೆಕ್ಕದಲ್ಲೇ ಕಡಿತವಾಗಲಿ.

ಇಂತಿ,
ತಮ್ಮ, ಇನ್ನೂ ಉಸಿರಾಡುತ್ತಿರುವ, ವಿಶ್ವಾಸಿ,
ಕೂಗುವವ

ಅಡಕಗಳು:
1. ಆಸ್ಪತ್ರೆಯ ಬಿಡುಗಡೆ ಪತ್ರ.
2. ಪ್ರಯೋಗಾಲಯದ ವರದಿ (ಹೆಂಡತಿಯ ಕೈಯಿಂದ ಸವೆದಿದೆ).
3. ಮೂರು ಚೆಂಡಿನ ಡಬ್ಬಿ. ಈಗ ಎರಡು ಏಳುತ್ತವೆ.
4. ತೆಗೆದ ಭಾಗದ ಮೂಲಪ್ರತಿ: ಪ್ರಯೋಗಾಲಯದವರು ಹಿಂದಿರುಗಿಸಲು ಒಪ್ಪಲಿಲ್ಲ.

ವಿ.ಸೂ: ಈ ಅರ್ಜಿಯನ್ನು ತಿರಸ್ಕರಿಸುವುದಾದರೆ, ಆ ಆದೇಶವನ್ನು ದಯವಿಟ್ಟು ಧ್ವನಿವರ್ಧಕದಲ್ಲಿ ಮೂರು ಬಾರಿ ಓದಿಸಬೇಕಾಗಿ ವಿನಂತಿ. ಅರ್ಜಿದಾರನಿಗೆ ಅದು ಬರೀ ಕೊರಕೊರ ಎಂದೇ ಕೇಳಿಸುವುದು, ಕಾರಣ ಅವನು ಅದರ ನೇರ ಕೆಳಗೆ, ಬಾಗಿಲಲ್ಲಿ, ಕೆಲಸದ ಮೇಲಿರುತ್ತಾನೆ.